ತೊಂಬತ್ತಕ್ಕೆ ಇಳಿಸಿದ ಪ್ರತಿ

ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದ ಹುಡುಗಿ ಹತ್ತೂಮುಕ್ಕಾಲಿಗೇ ಬಂದು ಗೇಟಿನ ಚಿಲಕ ಅಲ್ಲಾಡಿಸಿದಾಗ ಅನಂತಪದ್ಮನಾಭ ಬನಿಯನ್ನಿನಲ್ಲಿ ನಿಂತು ಹೆಂಡತಿಯ ಒದ್ದೆ ಸೀರೆಯ ಒಂದು ತುದಿ ಹಿಡಿದುಕೊಂಡಿದ್ದ. ಇನ್ನೊಂದು ತುದಿ ಚೂಡಾಮಣಿಯ ಕೈಯಲ್ಲಿತ್ತು. ಅವಳು ಸೀರೆಯನ್ನು ತಂತಿಯ ಮೇಲೆ ಎಸೆದು, ‘ಯಾರೋ ಬಂದ್ರು ನೋಡಿ’ ಎಂದು ಒಳಗೆ ಹೋದಳು. ಎಪ್ಪತ್ತು ವರ್ಷದವನು, ಒಂದು ಕಾಲಕ್ಕೆ ಒಳಗೆ ಕಾಲಿಟ್ಟರೆ ನಲವತ್ತು ಜನ ಎದ್ದು ನಿಲ್ಲುತ್ತಿದ್ದ ವಿಭಾಗದ ಮುಖ್ಯಸ್ಥ, ಈಗ ಗಿರಿನಗರದ ಈ ಸಣ್ಣ ಅಂಗಳದಲ್ಲಿ ಎದೆಯ ಬಿಳಿ ಕೂದಲನ್ನು ಯಾವ ಕೈಯಿಂದ ಮುಚ್ಚಿಕೊಳ್ಳಬೇಕೆಂದು ತಿಳಿಯದೆ ನಿಂತ. ಹುಡುಗಿ ದಾಕ್ಷಿಣ್ಯವಂತೆ, ಕರಿಬೇವಿನ ಗಿಡವನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿರುವವಳ ಹಾಗೆ ಅದನ್ನೇ ನೋಡಿದಳು. ಆ ದಾಕ್ಷಿಣ್ಯವೇ ಅವನಿಗೆ ಸಿಟ್ಟು ತರಿಸಿತು. ‘ಕೂತ್ಕೊಳಿ, ಬಂದೆ’ ಎಂದು ಒಳಗೆ ಹೋಗಿ ಕೈಗೆ ಸಿಕ್ಕಿದ ಅಂಗಿ ತೊಟ್ಟು, ಕನ್ನಡಿ ನೋಡದೆ ಗುಂಡಿ ಹಾಕಿಕೊಂಡು ಹೊರಗೆ ಬಂದ.

ಮೊನ್ನೆ ಫೋನಿನಲ್ಲಿ ಅವಳು ಹೇಳಿದ್ದು ಬಹಳವೇನಲ್ಲ. ಹೆಸರು ಮಧುಮತಿ, ಊರು ಗದಗಿನ ಹತ್ತಿರ, ಬಿಟಿಎಂನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗೆ ಇದ್ದಾಳೆ, ಅವನು ನಿವೃತ್ತನಾದ ಸಂಸ್ಥೆಯಲ್ಲೇ ವರ್ಷದ ಕರಾರಿನ ಮೇಲೆ ಕೆಲಸ. ‘ನಿಮ್ಮ ಹಳೇ ಪ್ರೋಗ್ರಾಂನ್ಯಾಗ ಒಂದ್ ನಂಬರ್ ಐತ್ರಿ ಸರ್. ಸೊನ್ನೆ ಪಾಯಿಂಟ್ ಐವತ್ನಾಲ್ಕು. ಕಡೀಕ ಎಲ್ಲಾನೂ ಅದರಿಂದ ಗುಣಿಸ್ತೈತಿ. ಅದು ಎಲ್ಲಿಂದ ಬಂತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ರಿ.’ ಮೂವತ್ತೈದು ವರ್ಷ ಯಾರೂ ಕೇಳದ ಪ್ರಶ್ನೆ. ಸರಿಯಾಗಿ ಹೇಳಬೇಕೆಂದರೆ ಒಬ್ಬ ಕೇಳಿದ್ದ. ಆ ಒಬ್ಬನನ್ನು ನೆನೆಯದೆ ಊಟ ಮಾಡುವುದು, ವಾಕಿಂಗ್ ಹೋಗುವುದು, ಸನ್ಮಾನಕ್ಕೆ ಕರೆದರೆ ಶಾಲು ಹೊದೆಸಿಕೊಂಡು ಬರುವುದು ಅನಂತಪದ್ಮನಾಭನಿಗೆ ಚೆನ್ನಾಗಿ ರೂಢಿಯಾಗಿತ್ತು.

ನಡುಮನೆಯಲ್ಲಿ ಅವಳು ಟೀಪಾಯಿಯ ಮೇಲಿದ್ದ ಪಂಚಾಂಗವನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಎರಡು ಗೆರೆಗಳು, ಒಂದು ಕೆಂಪು, ಒಂದು ನೀಲಿ. ಎರಡೂ ಗಕ್ಕನೆ ಮೇಲೆದ್ದು ನಿಧಾನ ಇಳಿಯುತ್ತಿದ್ದವು. ಕೆಂಪು ಅವಳದು, ನೀಲಿ ಅವನದು. ಕೆಂಪಿನ ಶಿಖರ ನೀಲಿಯದರ ಹತ್ತಿರಹತ್ತಿರ ಎರಡರಷ್ಟು ಎತ್ತರವಿತ್ತು. ಅವನು ನೋಡಿದ ಮೇಲೂ ಕನ್ನಡಕ ಹುಡುಕುವವನ ಹಾಗೆ ಜೇಬು ಮುಟ್ಟಿಕೊಂಡ. ಈ ನೀಲಿ ಗೆರೆಯನ್ನು ಅವನು ಮೊದಲು ಕಂಡದ್ದು ಕೈಯಿಂದ ಎಳೆದ ಮಸಿಯಲ್ಲಿ. ಅದು ಹೇಳುತ್ತಿದ್ದದ್ದು ಇಷ್ಟು: ಅಣುಬಾಂಬು ನೂರಾರು ಕಿಲೋಮೀಟರ್ ಎತ್ತರದಲ್ಲಿ ಸಿಡಿಯುತ್ತದೆ. ಕೆಳಗೆ ಯಾರಿಗೂ ಸದ್ದು ಕೇಳುವುದಿಲ್ಲ, ಯಾರ ಮೈಯೂ ಸುಡುವುದಿಲ್ಲ. ಗಾಮಾ ಕಿರಣಗಳು ಮೇಲಿನ ತೆಳುವಾದ ಗಾಳಿಗೆ ಬಡಿದು ಎಲೆಕ್ಟ್ರಾನುಗಳನ್ನು ಕಿತ್ತು ಎಸೆಯುತ್ತವೆ, ಭೂಮಿಯ ಕಾಂತ ಅವುಗಳನ್ನು ಬಾಗಿಸುತ್ತದೆ, ಬಾಗಿದ ಅಷ್ಟೂ ಸೇರಿ ಒಂದು ವಿದ್ಯುತ್ತಿನ ಹೊಡೆತವನ್ನು ನೆಲಕ್ಕೆ ಕಳಿಸುತ್ತವೆ. ರೆಪ್ಪೆ ಬಡಿಯುವುದರ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ತಂತಿ ಇರುವ ಕಡೆಯೆಲ್ಲ ಅನಾಹುತ. ಎಂಬತ್ತೊಂಬತ್ತರಲ್ಲಿ ಅದನ್ನು ಪೂರ್ತಿಯಾಗಿ ಲೆಕ್ಕ ಹಾಕುವ ಯಂತ್ರ ಅವರ ಹತ್ತಿರ ಇರಲಿಲ್ಲ. ಆದ್ದರಿಂದ ಅವನು ಎರಡು ಅನುಕೂಲ ಮಾಡಿಕೊಂಡ. ಒಂದು, ಆಕಾಶದಿಂದ ನೆಲಕ್ಕೆ ಎಳೆದ ಒಂದೊಂದು ಗೆರೆಯನ್ನೂ ಒಂಟಿಯಾಗಿ ಲೆಕ್ಕ ಹಾಕುವುದು, ಪಕ್ಕದ ಗೆರೆಯ ಮೇಲೆ ಏನಾಗುತ್ತಿದೆ ಎಂದು ಕೇಳದಿರುವುದು. ಎರಡು, ಎಲೆಕ್ಟ್ರಾನು ತಾನು ಎಬ್ಬಿಸಿದ ಹೊಡೆತ ತಿರುಗಿ ಬಂದು ತನ್ನನ್ನೇ ತಳ್ಳುವುದಿಲ್ಲ ಎಂದುಕೊಳ್ಳುವುದು. ಆ ಎರಡನೆಯ ಅನುಕೂಲ ಆಗ ಅವನಿಗೆ ಎಷ್ಟು ಸಹಜವಾಗಿ ಹೊಳೆದಿತ್ತೆಂದರೆ ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದ.

‘ನಿಮ್ಮ ಲೆಕ್ಕದಾಗ ಮೀಟರಿಗೆ ಇಪ್ಪತ್ತೇಳು ಸಾವಿರ ವೋಲ್ಟ್ ಬರ್ತೈತ್ರಿ. ನಂದ್ರಾಗ ನಲವತ್ತಾರು ಸಾವಿರ’ ಎಂದಳು ಮಧುಮತಿ. ‘ಹೊಡೆತ ತಿರುಗಿ ಎಲೆಕ್ಟ್ರಾನ್ ತಡೀತೈತಿ, ಖರೇರಿ. ಅದನ್ನೂ ಹಿಡಿದs ಲೆಕ್ಕ ಮಾಡೀನಿ. ಅದರಿಂದ ಎಂಟು ಪರ್ಸೆಂಟ್ ಅಷ್ಟ ಇಳೀತೈತಿ. ಅರ್ಧಕ್ಕರ್ಧ ಹ್ಯಾಂಗ ಇಳೀಬೇಕ್ರಿ? ಆ ಐವತ್ನಾಲ್ಕು ತಗದ್ರ ನಿಮ್ಮದೂ ಐವತ್ತ ಸಾವಿರಕ್ಕ ಬರ್ತೈತ್ರಿ, ನನ್ನದರ ಬಾಜೂಕ.’

ಅವಳು ಕಂಡುಹಿಡಿದುಬಿಟ್ಟಿದ್ದಳು. ಕಂಡುಹಿಡಿದಿದ್ದೇನೆಂಬುದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಚೂಡಾಮಣಿ ಕಾಫಿ ತಂದಿಟ್ಟು, ಊರು ಕೇಳಿ, ಊಟಕ್ಕೆ ಏನು ಮಾಡ್ಕೋತೀಯಮ್ಮ ಎಂದು ಕೇಳಿ ಹೋದಳು. ಅನಂತಪದ್ಮನಾಭ ಒಂದು ಲೋಟವನ್ನು ಅವಳತ್ತ ಸರಿಸಿದ. ‘ನಿಮ್ಮ ಬಾಸ್ ಏನಂತಾರೆ?’ ಎಂದ.

‘ರವಿಕಿರಣ್ ಸರ್ ಅಂತಾರ, ಅನಂತಪದ್ಮನಾಭ ಸರ್ ತಪ್ಪು ಮಾಡೂದಿಲ್ಲ, ತಪ್ಪು ನಿನ್ನ ಪ್ರೋಗ್ರಾಂನ್ಯಾಗ ಹುಡುಕು ಅಂತ. ಎರಡು ತಿಂಗಳಾತ್ರಿ ಹುಡುಕಾಕ ಹತ್ತಿ. ಇವತ್ತ ನಾಕಕ್ಕ ವರದಿ ಹೋಗಬೇಕು. ಕರೆಂಟ್ ಸಬ್‌ಸ್ಟೇಷನ್ನಿನ ಕಂಟ್ರೋಲ್ ಪೆಟಿಗಿ ಅದಾವಲ್ರಿ, ಅವನ್ನ ಎಷ್ಟು ಹೊಡೆತಕ್ಕ ಪರೀಕ್ಷೆ ಮಾಡಬೇಕು ಅನ್ನೂದು ಅದರ ಮ್ಯಾಲ ನಿಂತೈತಿ. ಇಪ್ಪತ್ತೇಳಕ್ಕೋ ನಲವತ್ತಾರಕ್ಕೋ. ನೀವು ಹೇಳಿದ್ದ ಕಡೀ ಮಾತು ಅಂತ ಸರ್ ಕಳಿಸ್ಯಾರ.’ ಆಮೇಲೆ, ‘ನನ್ನ ಕರಾರೂ ಈ ತಿಂಗಳ ಮುಗೀತೈತ್ರಿ’ ಎಂದಳು. ರವಿಕಿರಣ ಅವನ ಕೈಕೆಳಗೆ ಬೆಳೆದವನು, ಅವನ ಜೋಕುಗಳಿಗೆಲ್ಲ ಮೊದಲು ನಗುತ್ತಿದ್ದವನು.

ಹೇಳಬೇಕಾಗಿದ್ದದ್ದು ನಾಲ್ಕು ಮಾತು. ಅದೊಂದು ಜೆರಾಕ್ಸ್ ಪ್ರತಿ, ನಾನು ತಪ್ಪು ಓದಿದೆ. ನಾಲಗೆ ಅಷ್ಟಕ್ಕೆ ಸಿದ್ಧವಾಗಿಯೂ ಇತ್ತು. ಆದರೆ ಬಾಯಿಂದ ಹೊರಟದ್ದು ಹಳೆಯ ಮೇಷ್ಟರ ಧ್ವನಿ, ತಾನು ಹೊರಡಲು ಯಾರ ಅಪ್ಪಣೆಯನ್ನೂ ಕೇಳದ ಧ್ವನಿ. ‘ಅದು ವಾಹಕತೆಯ ತಿದ್ದುಪಡಿ ಕಣಮ್ಮ. ವರದಿಯ ಮೂರನೇ ಅನುಬಂಧ ನೋಡಿ. ಏಟು ಬಿದ್ದ ಗಾಳಿ ತಾನೇ ವಾಹಕ ಆಗಿಬಿಡುತ್ತೆ, ಹೊಡೆತವನ್ನ ನುಂಗಿಹಾಕುತ್ತೆ. ನಿಮ್ಮ ಪ್ರೋಗ್ರಾಂ ಅದನ್ನ ಎಲ್ಲೋ ಕಮ್ಮಿ ಹಿಡಿದಿದೆ. ಇನ್ನೊಂದ್ಸಲ ನೋಡ್ಕೊಳಿ.’ ಅವಳು ಒಂದು ಕ್ಷಣ ಪರದೆಯನ್ನೂ ಅವನನ್ನೂ ನೋಡಿದಳು. ವಾದ ಮಾಡಲಿ ಎಂದು ಅವನು ಕಾದ. ವಾದ ಮಾಡಿದ್ದರೆ ಸೋಲುತ್ತಿದ್ದ, ಸೋತಿದ್ದರೆ ಹಗುರವಾಗುತ್ತಿತ್ತು. ಅವಳು ವಾದ ಮಾಡಲಿಲ್ಲ. ‘ಹಂಗಾದ್ರ ತಪ್ಪು ನಂದs ರೀ ಸರ್. ಗೊತ್ತಾತಲ್ಲ, ಅಷ್ಟ ಸಾಕು’ ಎಂದು ಲ್ಯಾಪ್‌ಟಾಪ್ ಮುಚ್ಚಿ, ಪಂಚಾಂಗವನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಹೋಗುವಾಗ ಬಗ್ಗಿ ಅವನ ಕಾಲು ಮುಟ್ಟಿದಳು. ‘ಒಳ್ಳೇದಾಗ್ಲಿ’ ಎಂದು ಅದೇ ಬಾಯಿ ಹೇಳಿತು.

ಗೇಟಿನ ಸದ್ದಾದ ಮೇಲೆ ಚೂಡಾಮಣಿ ಹೊರಗೆ ಬಂದು ಅವನನ್ನು ನೋಡಿ, ‘ಇದೇನು ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀರ? ಅಷ್ಟೊತ್ತೂ ಹೀಗೇ ಕೂತಿದ್ರಾ ಆ ಮಗು ಮುಂದೆ?’ ಎಂದಳು. ಅಷ್ಟೊತ್ತೂ ಹಾಗೇ ಕೂತಿದ್ದ. ಅಂಗಿಯ ಒಂದು ತುದಿ ಗಲ್ಲದ ಹತ್ತಿರ ಎದ್ದು ನಿಂತಿತ್ತು, ಇನ್ನೊಂದು ಹೊಟ್ಟೆಯ ಕೆಳಗೆ ಇಳಿದಿತ್ತು. ಹುಡುಗಿ ಅದನ್ನೂ ನೋಡಿದ್ದಳು, ಹೇಳಿರಲಿಲ್ಲ. ನೋಡಿಯೂ ಹೇಳದೆ ಬಿಟ್ಟದ್ದು ಇನ್ನೇನಾದರೂ ಇತ್ತೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ. ಅವನು ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಹಾಕತೊಡಗಿದ.

ಎಂಬತ್ತೊಂಬತ್ತರಲ್ಲಿ ಲೈಬ್ರರಿಯಿಂದ ಒಂದು ದೊಡ್ಡ ಬೈಂಡು ತಂದದ್ದು ಅವನೇ. ಹೊರದೇಶದವರು ನಿಜವಾದ ಸ್ಫೋಟಗಳನ್ನು ಅಳೆದು ಬರೆದ ಗೆರೆ ಅದರಲ್ಲಿತ್ತು. ಜೆರಾಕ್ಸ್ ಕೋಣೆಯ ಕರಿಬಸವಯ್ಯನ ಕೈಲಿ ಆ ಪುಟದ ಪ್ರತಿ ತೆಗೆಸಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಅದನ್ನಿಟ್ಟು, ಮೇಲೆ ತನ್ನ ಗ್ರಾಫ್ ಹಾಳೆ ಹರಡಿ, ಅಡಿಗೆರೆಗೆ ಅಡಿಗೆರೆ ಕೂಡಿಸಿ ನಕಲು ಎಳೆದಿದ್ದ. ಆ ಹಾಳೆಯಲ್ಲಿ ಒಂದೊಂದು ಮೆಟ್ಟಿಲಿಗೂ ಬೆಲೆ ಹತ್ತರಷ್ಟಾಗುತ್ತದೆ. ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಮೆಟ್ಟಿಲು ಕೂದಲೆಳೆ ಗಿಡ್ಡವಾದರೂ ಮೇಲೆ ಹೋದಹಾಗೆ ಸಾವಿರಗಟ್ಟಲೆ ಕಳೆದುಹೋಗುತ್ತದೆ. ಪ್ರತಿಯ ಮೇಲಂಚು ಬೈಂಡಿನ ನೆರಳಿನಲ್ಲಿ ಕಪ್ಪಾಗಿ ಮುಚ್ಚಿಹೋಗಿತ್ತು, ಆದ್ದರಿಂದ ಮೇಲಿನ ಗೆರೆಗಳು ಕೂಡುತ್ತವೋ ಇಲ್ಲವೋ ಅವನು ನೋಡಲಿಲ್ಲ. ಇಪ್ಪತ್ತೇಳು ಸಾವಿರ ಎಂದು ಓದಿಕೊಂಡ. ಅವನ ಸ್ವಂತ ಲೆಕ್ಕ ಐವತ್ತು ಸಾವಿರ ಎನ್ನುತ್ತಿತ್ತು. ಮೂರು ವಾರ ತನ್ನ ಲೆಕ್ಕವನ್ನೇ ಅನುಮಾನಿಸಿ, ತಲೆ ಕೆಟ್ಟು, ಕೊನೆಗೆ ಎಲ್ಲವನ್ನೂ ಸೊನ್ನೆ ಪಾಯಿಂಟ್ ಐದು ನಾಲ್ಕರಿಂದ ಗುಣಿಸಿದಾಗ ಗೆರೆಯ ಮೇಲೆ ಗೆರೆ ಕೂತಿತು. ಆ ಸಂತೋಷ ಅವನಿಗೆ ಇನ್ನೂ ನೆನಪಿದೆ. ತನ್ನ ತಲೆ ಹೇಳಿದ್ದು ಸರಿಯೆಂದು ನಂಬುವ ಧೈರ್ಯ ಅವನಿಗಿರಲಿಲ್ಲ, ಹೊರದೇಶದ ಕಾಗದಕ್ಕೆ ತಲೆಬಾಗಿದ, ಅದನ್ನೂ ನೆಟ್ಟಗೆ ಓದದೆ.

ರಿವ್ಯೂ ಸಭೆಯಲ್ಲಿ ಹದಿನಾರು ಜನ. ಡೈರೆಕ್ಟರು ತಲೆದೂಗುತ್ತಿದ್ದರು. ಹಿಂದಿನ ಸಾಲಿನಿಂದ ಇಪ್ಪತ್ತೆಂಟು ವರ್ಷದ ಗೌರೀಶಂಕರ ಎದ್ದು, ತುಮಕೂರಿನ ಕಡೆಯ ಸಂಕೋಚದ ಹುಡುಗ, ‘ಸಾರ್, ಈ ಪ್ರತಿ ಎಷ್ಟಕ್ಕೆ ಇಳಿಸಿದ್ದು?’ ಎಂದ. ಪ್ರಶ್ನೆ ಅನಂತಪದ್ಮನಾಭನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಹದಿನಾರು ಜನರಿಗೂ ಕಂಡಿತೇನೋ ಎಂಬ ಭಯಕ್ಕೆ, ‘ಏನ್ರೀ ಗೌರೀಶಂಕರ, ಫಿಸಿಕ್ಸ್ ಮಾಡೋಕೆ ಬಂದಿದೀರೋ, ಜೆರಾಕ್ಸ್ ಅಂಗಡಿ ಇಡೋಕೆ ಬಂದಿದೀರೋ?’ ಎಂದ. ಇಡೀ ಕೋಣೆ ನಕ್ಕಿತು. ಡೈರೆಕ್ಟರೂ ನಕ್ಕರು. ಗೌರೀಶಂಕರನೂ ನಕ್ಕು ಕೂತ. ಅಂದಿನ ಟೀ ಹೊತ್ತಿಗೇ ಅವನು ಜೆರಾಕ್ಸ್ ಗೌರಿ ಆಗಿದ್ದ. ಸಾಯಂಕಾಲ ಐದಕ್ಕೆ, ಎಲ್ಲರೂ ಬಸ್ಸಿಗೆ ಹೊರಟ ಮೇಲೆ, ಅನಂತಪದ್ಮನಾಭ ಯಾಕೋ ಜೆರಾಕ್ಸ್ ಕೋಣೆಗೆ ಹೋದ. ಕರಿಬಸವಯ್ಯ ಬೀಗ ಹಾಕುತ್ತಾ, ‘ಪುಟ ದೊಡ್ದು ಸಾರ್, ಹಾಳೆಗೆ ಕೂರ್ತಿರ್ಲಿಲ್ಲ, ನೂರಿದ್ದ ಸೈಜನ್ನ ತೊಂಬತ್ತಕ್ಕೆ ಇಳಿಸ್ಬಿಟ್ಟೆ. ಚೆನ್ನಾಗಿ ಬಂದಿತ್ತಲ್ವಾ ಸಾರ್?’ ಎಂದ. ಚೆನ್ನಾಗಿ ಬಂದಿತ್ತು ಎಂದು ಇವನು ಹೇಳಿದ. ಪ್ರತಿಯ ಮೆಟ್ಟಿಲುಗಳೆಲ್ಲ ಗಿಡ್ಡವಾಗಿದ್ದವು, ಐವತ್ತು ಸಾವಿರದ ಶಿಖರ ಇವನ ಹಾಳೆಯ ಮೇಲೆ ಇಪ್ಪತ್ತೇಳಕ್ಕೆ ಬಂದು ನಿಂತಿತ್ತು. ವರದಿ ಆಗಲೇ ಸಹಿಗೆ ಹೋಗಿತ್ತು. ಒಂದು ವಾರ ಕೂತು ಅದಕ್ಕೆ ಸೇರಿಸಲೆಂದು ಮೂರನೇ ಅನುಬಂಧ ಬರೆದ, ಹನ್ನೊಂದು ಪುಟ, ಇಪ್ಪತ್ತೆರಡು ಸಮೀಕರಣ, ತಪ್ಪು ಸಂಖ್ಯೆಗೆ ಒಂದು ಒಳ್ಳೆಯ ಕುಲಗೋತ್ರ. ಮುಂದೆ ಎಲ್ಲರೂ ಹೊಗಳಿದ್ದು ಆ ಅನುಬಂಧವನ್ನೇ.

ಇಷ್ಟು ವರ್ಷ ಬದುಕಲು ಆದದ್ದಕ್ಕೆ ಕಾರಣವೂ ಇತ್ತು. ಕಟ್ಟಡ ತಪ್ಪು ಕಟ್ಟಿದರೆ ಬೀಳುತ್ತದೆ, ಔಷಧಿ ತಪ್ಪು ಕೊಟ್ಟರೆ ರೋಗಿ ಸಾಯುತ್ತಾನೆ. ಈ ಲೆಕ್ಕ ತಪ್ಪೆಂದು ತೋರಿಸಲು ಆಕಾಶದಲ್ಲಿ ಬಾಂಬೇ ಸಿಡಿಯಬೇಕು, ಸಿಡಿದ ದಿನ ಯಾರೂ ಹಳೆಯ ವರದಿ ತೆಗೆದು ನೋಡುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕತ್ತಲೆ ಎಲ್ಲಿ ಸಿಕ್ಕೀತು? ಆದರೂ ತಿಂಗಳ ಮೊದಲ ಭಾನುವಾರ ನಿವೃತ್ತರೆಲ್ಲ ಜಯನಗರದ ಹೋಟೆಲಿನಲ್ಲಿ ಸೇರಿದಾಗ, ಯಾರಾದರೂ ‘ಏ ಜೆರಾಕ್ಸ್ ಗೌರಿ, ಇಡ್ಲಿ ಇನ್ನೊಂದು ಕಾಪಿ ತೆಗಿಯೋ’ ಎಂದರೆ ಅವನು ತಟ್ಟೆಯ ಮೇಲೆ ಬಗ್ಗಿ ಚಟ್ನಿ ಕಲಸತೊಡಗುತ್ತಿದ್ದ. ಗೌರೀಶಂಕರ ನಗುತ್ತಿದ್ದ. ನಗುತ್ತಾ ಮಾಣಿಯನ್ನು ಕರೆದು ಎಲ್ಲರಿಗೂ ಇಡ್ಲಿ ಹೇಳುತ್ತಿದ್ದ.

ಊಟ ಸೇರಲಿಲ್ಲ. ಹುಳಿಯಲ್ಲಿ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಾ ಗೋಡೆಯ ಗಡಿಯಾರ ನೋಡಿದ. ಒಂದೂಕಾಲು. ನಾಲ್ಕಕ್ಕೆ ಆ ಹುಡುಗಿಯ ವರದಿ ಹೋಗುತ್ತದೆ. ಫೋನು ಎತ್ತಿ ಹೇಳಿದರೆ ಎರಡು ನಿಮಿಷ. ಹಾಗೆ ಮಾಡುವ ಬದಲು ಅವನು ಬೀರು ತೆರೆದು, ಸನ್ಮಾನಪತ್ರಗಳ ಅಡಿಯಿಂದ ರಟ್ಟಿನ ಫೈಲು ಎಳೆದು, ಗೌರೀಶಂಕರನ ಮನೆಗೆ ಹೋಗಿಬರುತ್ತೇನೆ ಎಂದು ಹೆಂಡತಿಗೆ ಹೇಳಿದ. ಆ ಪ್ರತಿ ಇನ್ನೂ ಅದರಲ್ಲಿತ್ತು, ಗ್ರಾಫ್ ಹಾಳೆಯ ಜೊತೆ ಗುಂಡುಸೂಜಿ ಚುಚ್ಚಿಕೊಂಡು. ಯಾಕೆ ಇಟ್ಟುಕೊಂಡಿದ್ದನೆಂದು ಅವನಿಗೇ ಗೊತ್ತಿರಲಿಲ್ಲ. ಆಟೋದಲ್ಲಿ ಕೂತು, ಕದಿರೇನಹಳ್ಳಿಯ ಅಂಡರ್‌ಪಾಸಿನಲ್ಲಿ ಗಾಡಿಗಳು ನಿಂತಾಗ, ತಾನು ಯಾಕೆ ಹೋಗುತ್ತಿದ್ದೇನೆಂಬುದು ಅವನಿಗೆ ಸ್ಪಷ್ಟವಾಯಿತು. ಗೌರಿ ಮರೆತಿರಬಹುದು. ಮರೆತಿದ್ದರೆ ನೊಂದವನೇ ಇಲ್ಲ ಎಂದಾಯಿತು, ಹಳೆಯದನ್ನು ಕೆದಕುವುದು ಯಾರಿಗೂ ಬೇಡ, ಸುಮ್ಮನೆ ಕಾಫಿ ಕುಡಿದು ವಾಪಸು ಬರಬಹುದು. ಅವನು ಹೋಗುತ್ತಿದ್ದದ್ದು ತಪ್ಪೊಪ್ಪಿಕೊಳ್ಳಲು ಅಲ್ಲ, ಬಿಡುಗಡೆಯ ಚೀಟಿ ಬರೆಸಿಕೊಳ್ಳಲು. ನಾಚಿಕೆಯಾಯಿತು. ಆದರೂ ಆಟೋದವನಿಗೆ ತಿರುಗಿಸು ಎನ್ನಲಿಲ್ಲ.

ಕುಮಾರಸ್ವಾಮಿ ಲೇಔಟಿನ ಮೊದಲ ಮಹಡಿಯ ಮನೆ. ಗೌರೀಶಂಕರ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಬೇಳೆಯನ್ನು ಬೋಗುಣಿಗೆ ಹಾಕುತ್ತಿದ್ದ. ಸಿಪ್ಪೆ ಪಕ್ಕದ ಕಾಗದದ ಮೇಲೆ ರಾಶಿಯಾಗಿತ್ತು. ಇವನನ್ನು ಕಂಡು ಗಡಬಡಿಸಿ ಎದ್ದ, ‘ಬನ್ನಿ ಸಾರ್, ಬನ್ನಿ. ದಾನೀ, ಸಾರ್ ಬಂದ್ರು ನೋಡು’ ಎಂದು ಹೆಂಡತಿಯನ್ನು ಕರೆದ, ಇವನು ಕೂರುವ ತನಕ ಒದ್ದೆ ಕೈಯನ್ನು ಮುಂದೆ ಚಾಚಿಕೊಂಡು ನಿಂತೇ ಇದ್ದ. ದಾನಮ್ಮ ಬಂದು ನಮಸ್ಕಾರ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅನಂತಪದ್ಮನಾಭ ಕುರ್ಚಿ ಬಿಟ್ಟು ಮೆಲ್ಲಗೆ ನೆಲಕ್ಕಿಳಿದು, ಬೋಗುಣಿಯ ಈ ಬದಿಯಲ್ಲಿ ಕೂತು ಒಂದು ಕಾಳು ತೆಗೆದುಕೊಂಡ. ‘ಅಯ್ಯೋ ನಿಮಗ್ಯಾಕೆ ಸಾರ್’ ಎಂದ ಗೌರೀಶಂಕರ. ಬೇಳೆ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ತೆಗೆದುಕೊಂಡ.

‘ಎಂಬತ್ತೊಂಬತ್ತರ ರಿವ್ಯೂ ಜ್ಞಾಪಕ ಇದೆಯೇನ್ರೀ ಗೌರಿ?’

‘ಇಲ್ದೆ ಏನು ಸಾರ್? ನಂಗೆ ಹೆಸರು ಬಂದಿದ್ದೇ ಅವತ್ತಲ್ವಾ’ ಎಂದು ಗೌರೀಶಂಕರ ನಕ್ಕ. ದಾನಮ್ಮ ನಗಲಿಲ್ಲ.

‘ಅವತ್ತು ನೀವೊಂದು ಪ್ರಶ್ನೆ ಕೇಳಿದ್ರಿ.’

‘ಬಿಡಿ ಸಾರ್, ಹುಡುಗುಬುದ್ಧಿ. ಕಾಪಿ ಸಣ್ಣದಾಗಿದೆ ಅಂತ ನಂಗ್ಯಾಕೋ ಕಣ್ಣಿಗೆ ಹೊಡೀತು, ಕೇಳ್ಬಿಟ್ಟೆ. ಆಮೇಲೆ ನಿಮ್ಮ ಅನುಬಂಧ ಬಂತಲ್ಲ, ವಾಹಕತೇದು, ಅದನ್ನ ಎರಡು ವಾರ ಕೂತು ಓದಿದ್ದೀನಿ ಸಾರ್. ತಲೆಕೆಳಗೆ ನಿಂತ್ರೂ ಅರ್ಥ ಆಗ್ಲಿಲ್ಲ. ಆಗ ಗೊತ್ತಾಯ್ತು, ನಮ್ಮ ತಲೆ ಇಷ್ಟೇ, ಇದು ನಮ್ಮಂಥೋರ ಕೆಲಸ ಅಲ್ಲ ಅಂತ. ಸ್ಟೋರ್ಸಿಗೆ ನಾನೇ ಕೇಳಿ ಹಾಕಿಸ್ಕೊಂಡಿದ್ದು. ನೀವು ಕಳಿಸಿದ್ರಿ ಅಂತ ಕೆಲವ್ರು ಅಂತಾರೆ, ನಾನು ಹೇಳ್ತೀನಿ, ಇಲ್ಲಪ್ಪ, ಸಾರ್ ಏನೂ ಮಾಡ್ಲಿಲ್ಲ ಅಂತ.’

‘ಅವತ್ತಿಂದ ಇವ್ರು ಒಂದು ಲೆಕ್ಕ ಮುಟ್ಟಲಿಲ್ಲ’ ಎಂದಳು ದಾನಮ್ಮ ಬಾಗಿಲಿನಿಂದಲೇ. ‘ಎಂಎಸ್ಸೀಲಿ ಗೋಲ್ಡ್ ಮೆಡಲ್ ತಗೊಂಡೋರು. ಮಗಳು ಎಸ್ಸೆಸ್ಸೆಲ್ಸಿ ಲೆಕ್ಕ ಹೇಳ್ಕೊಡಿ ಅಂದ್ರೂ, ಟ್ಯೂಷನ್‌ಗೆ ಹೋಗಮ್ಮ, ನಾನು ತಪ್ಪು ಹೇಳಿಕೊಟ್ರೆ ಕಷ್ಟ ಅನ್ನೋರು.’

‘ಅದೆಲ್ಲ ಯಾಕೆ ಈಗ’ ಎಂದ ಗೌರೀಶಂಕರ. ಅನಂತಪದ್ಮನಾಭನ ಬೆರಳಿನ ನಡುವೆ ಇದ್ದ ಕಾಳು ಸಿಪ್ಪೆಯ ಸಮೇತ ಜಜ್ಜಿಹೋಯಿತು. ಅವನು ಬಂದದ್ದು ಮರೆವನ್ನು ಹುಡುಕಿಕೊಂಡು. ಇಲ್ಲಿ ಮರೆವಿಗಿಂತ ಕೆಟ್ಟದ್ದು ಇತ್ತು, ಇವನು ಹೇಳಿದ ಸುಳ್ಳನ್ನು ಒಬ್ಬ ಮನುಷ್ಯ ತನ್ನ ತಲೆಯ ಅಳತೆ ಎಂದುಕೊಂಡು ಬಾಳಿ ಮುದುಕನಾಗಿದ್ದ. ಒಂದೊಂದು ಗೆರೆಯನ್ನೂ ಒಂಟಿಯಾಗಿ ಲೆಕ್ಕ ಹಾಕಬೇಕು, ಪಕ್ಕದ ಗೆರೆಯನ್ನು ಕೇಳಬಾರದು. ತನ್ನ ಹೊಡೆತ ತನ್ನ ಮೇಲೆ ತಿರುಗುವುದಿಲ್ಲ ಎಂದುಕೊಳ್ಳಬೇಕು. ಅವನಿಗೆ ಅಳು ಬಂತು, ಆದರೆ ಅತ್ತರೆ ಗೌರೀಶಂಕರ ಸಮಾಧಾನ ಮಾಡಲು ಬರುತ್ತಾನೆ, ಅದನ್ನು ತಡೆಯುವುದು ಸಾಧ್ಯವಿಲ್ಲವೆಂದು ನುಂಗಿಕೊಂಡ.

ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕೈಯೆಲ್ಲ ಅವರೆಯ ಲೋಳೆ. ಎರಡು ಬೆರಳಲ್ಲಿ ಅದನ್ನು ಹೊರಗೆಳೆದು ನೆಲದ ಮೇಲಿಟ್ಟ. ದಾನಮ್ಮ ಬಗ್ಗಿ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದಳು. ಗಂಟೆ ಮೂರು ಹತ್ತಾಗಿತ್ತು.

‘ಸರ್, ನಾ ಮಧುಮತಿ ರೀ. ಎಷ್ಟು ಹುಡುಕಿದ್ರೂ ನನ್ನ ತಪ್ಪು ಸಿಗಲಿಲ್ರಿ. ರವಿಕಿರಣ್ ಸರ್ ಅಂದ್ರು, ಹುಡುಕೂದು ಸಾಕು, ಸರ್ ಹೇಳ್ಯಾರಲ್ಲ, ಅದs ನಂಬರ್ ನೀನೂ ಹಾಕು ಅಂತ. ನಾನೂ ಐವತ್ನಾಲ್ಕು ಹಾಕೀನ್ರಿ. ಈಗ ಎರಡೂ ಭಾಳ ಚಂದ ಕೂಡ್ತಾವ್ರಿ ಸರ್, ಎಂಟು ಪರ್ಸೆಂಟ್ ಅಷ್ಟ ಫರಕ. ಸರಳ ಮಾದರಿ ನಿಖರ ಐತಿ, ಹೊಸ ಲೆಕ್ಕಾನೂ ಅದನ್ನ ಒಪ್ಪತೈತಿ ಅಂತ ಬರದೀನಿ. ಪೆಟಿಗಿಗೆ ಇಪ್ಪತ್ತೇಳು ಸಾವಿರ ಸಾಕು ಅಂತ. ಕಡೀಕ ನಿಮಗ ಥ್ಯಾಂಕ್ಸ್ ಹಾಕೀನ್ರಿ. ಕಳಸ್ಲೇನ್ರಿ?’

ಇವನು ಬಾಯಿ ತೆರೆಯುವ ಮೊದಲೇ ಗೌರೀಶಂಕರ ಫೋನಿನತ್ತ ಬಗ್ಗಿ, ನಗುತ್ತಲೇ, ‘ಸರಿಯಾಗಿ ಮಾಡಿದ್ರಿ ಮೇಡಂ. ಅದು ಸಾರ್ ಅವ್ರ ತಿದ್ದುಪಡಿ. ನಾನೂ ನಿಮ್ಮ ವಯಸ್ಸಲ್ಲಿ ಒಂದ್ಸಲ ಅನುಮಾನ ಪಟ್ಟು ಎಲ್ಲರ ಮುಂದೆ ಮರ್ಯಾದೆ ಕಳ್ಕೊಂಡಿದೀನಿ. ನೀವು ಜಾಣರು’ ಎಂದ.

‘ಕಳಿಸ್ಬೇಡಿ’ ಎಂದ ಅನಂತಪದ್ಮನಾಭ. ‘ಕಳಿಸ್ಬೇಡಿ ಕಣಮ್ಮ. ಫೋನ್ ಇಡಬೇಡಿ, ಹಾಗೇ ಇರಿ.’ ಅವನು ಮೊಣಕಾಲಿನ ಮೇಲೆ ತೆವಳಿ ಕುರ್ಚಿಯ ಬಳಿ ಇಟ್ಟಿದ್ದ ಫೈಲು ತೆಗೆದ, ಗುಂಡುಸೂಜಿ ಕಿತ್ತ, ಎರಡು ಹಾಳೆಗಳನ್ನೂ ಅಕ್ಕಪಕ್ಕ ನೆಲದ ಮೇಲೆ ಹರಡಿದ. ಅವರೆಯ ಲೋಳೆ ಕಾಗದಕ್ಕೆ ಹತ್ತಿತು. ‘ಸ್ಕೇಲ್ ಇದೆಯಾ ಅಮ್ಮಾ?’ ಎಂದು ದಾನಮ್ಮನನ್ನು ಕೇಳಿದ. ಅವಳು ಒಳಗಿನಿಂದ ಮಗಳ ಹಳೆಯ ಕಾಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲು ತಂದುಕೊಟ್ಟಳು. ಅವನು ಅದನ್ನು ಗೌರೀಶಂಕರನತ್ತ ಚಾಚಿ, ‘ಅಳೀರಿ’ ಎಂದ.

ಗೌರೀಶಂಕರ ಪಂಚೆಯ ತುದಿಗೆ ಕೈ ಒರೆಸಿಕೊಂಡ. ಅವನ ನಗು ಇನ್ನೂ ಮುಖದ ಮೇಲೆ ಅರ್ಧ ಉಳಿದಿತ್ತು. ಗ್ರಾಫ್ ಹಾಳೆಯ ಮೇಲೆ ಸ್ಕೇಲಿಟ್ಟು ಸಾವಿರದಿಂದ ಹತ್ತು ಸಾವಿರದ ತನಕ ಅಳೆದು, ‘ಐದು ಸೆಂಟಿಮೀಟರ್’ ಎಂದ. ಆಮೇಲೆ ಜೆರಾಕ್ಸ್ ಪ್ರತಿಯ ಮೇಲೆ ಅದೇ ಮೆಟ್ಟಿಲನ್ನು ಅಳೆದ. ‘ದಾನೀ, ಕನ್ನಡಕ’ ಎಂದ. ಕನ್ನಡಕ ಹಾಕಿಕೊಂಡು ಮತ್ತೆ ಅಳೆದ, ಕೆಳಗಿನ ಮೆಟ್ಟಿಲನ್ನು ಅಳೆದ, ಕಪ್ಪಾದ ಅಂಚಿನ ಹತ್ತಿರ ಅಳೆದ. ‘ನಾಲ್ಕೂವರೆ’ ಎಂದ ಕೊನೆಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ‘ತೊಂಬತ್ತಕ್ಕೆ ಇಳಿಸಿದ್ದು.’

‘ಅವತ್ತು ಸಾಯಂಕಾಲವೇ ಕರಿಬಸವಯ್ಯ ನನಗೆ ಹೇಳಿದ’ ಎಂದ ಅನಂತಪದ್ಮನಾಭ. ‘ಸಾಯಂಕಾಲವೇ ಗೊತ್ತಾಯ್ತು ಗೌರಿ. ಅನುಬಂಧ ಆಮೇಲೆ ಬರೆದದ್ದು. ನಿಮಗೆ ಅರ್ಥ ಆಗದೆ ಇದ್ದದ್ದು ಅದರಲ್ಲಿ ಅರ್ಥ ಇಲ್ಲದೆ ಇದ್ದದ್ದರಿಂದ.’ ಫೋನಿನತ್ತ ತಿರುಗಿ, ‘ಅಮ್ಮಾ, ಕೇಳಿಸ್ತಿದೆಯಾ? ಆ ಸಂಖ್ಯೆಯನ್ನ ಎರಡೂ ಕಡೆಯಿಂದ ತೆಗೆದುಹಾಕಿ. ನಿಮ್ಮ ಲೆಕ್ಕ ಸರಿ. ಬೆಳಿಗ್ಗೆ ನಾನು ನಿಮಗೆ ಹೇಳಿದ್ದು ಸುಳ್ಳು. ರವಿಕಿರಣನಿಗೆ ನಾನೇ ಬರೆದುಕೊಡ್ತೀನಿ, ಈಗಲೇ’ ಎಂದ.

ಆ ಕಡೆ ಯಾರದೋ ಕುರ್ಚಿ ಎಳೆದ ಸದ್ದು ಬಂತು. ‘ಎರಡು ತಿಂಗಳ ನನ್ನ ತಲಿ ಕೆಟ್ಟೈತಿ ಅಂತ ತಿಳಕೊಂಡಿದ್ದೆ ಸರ್’ ಎಂದಳು ಮಧುಮತಿ. ಸಿಟ್ಟಾಗಿರಲಿಲ್ಲ, ದಣಿದಿದ್ದಳು. ಆಮೇಲೆ, ‘ತಪ್ಪು ಯಾರು ಹಿಡದ್ರು ಅಂತ ಬರೀಬೇಕ್ರಿ. ಇಲ್ಲೊಂದು ಕಾಲಂ ಐತಿ. ನಿಮ್ಮ ಹೆಸರು ಹಾಕ್ಲೇನ್ರಿ?’ ಎಂದಳು.

‘ನನ್ನದಲ್ಲ. ಗೌರೀಶಂಕರ ಅಂತ ಬರೀರಿ. ಎಂಬತ್ತೊಂಬತ್ತರಲ್ಲೇ ಹಿಡಿದಿದ್ರು.’

‘ಯಾವ ಗೌರೀಶಂಕರ್ ರೀ ಸರ್? ರವಿಕಿರಣ್ ಸರ್ ಕೇಳ್ತಾರ್ರಿ.’

ಅನಂತಪದ್ಮನಾಭ ಎದುರಿಗೆ ಕೂತವನನ್ನು ನೋಡಿದ. ಗೌರೀಶಂಕರ ಇನ್ನೂ ಸ್ಕೇಲನ್ನು ಪ್ರತಿಯ ಮೇಲೆ ಒತ್ತಿ ಹಿಡಿದಿದ್ದ, ಕೈ ತೆಗೆದರೆ ಗೆರೆ ಮತ್ತೆ ಉದ್ದವಾಗಿಬಿಡಬಹುದು ಎನ್ನುವ ಹಾಗೆ. ತಲೆಯೆತ್ತಲಿಲ್ಲ. ಬಾಗಿಲಲ್ಲಿ ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

‘ಗೌರೀಶಂಕರ ಅಂದ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ ಸಾರ್’ ಎಂದ ಅವನು. ‘ನೀವಿಟ್ಟ ಹೆಸರೇ ಹೇಳಿ.’